ಅಶೋಕ: ಗೆದ್ದವನು ಬರೆಸಿದ ಲೆಕ್ಕ

ಶಿರ್ವದ ಪ್ರೌಢಶಾಲೆಯೊಂದರಲ್ಲಿ ಪಾಠಾಭ್ಯಾಸ ಮಾಡುತ್ತಿದ್ದಾಗ, ಬೆಳಗಿನ ಪ್ರಾರ್ಥನೆಯ ನಂತರ ದಿನದ ಚಿಂತನೆ ಹೇಳುವ ಕೆಲಸ ಒಂದು ವಾರ ನನ್ನ ಪಾಲಿಗೆ ಬಂತು. ವಿಷಯ ಶಾಂತಿ. ವಿಜ್ಞಾನದ ವಿದ್ಯಾರ್ಥಿಯಾದರೂ ನಾನು ಅಶೋಕನ ಜೀವನವನ್ನು ಆರಿಸಿಕೊಂಡು ದಿನಕ್ಕಿಷ್ಟು ಹೇಳಲು ಹೊರಟೆ.

ಅಶೋಕ ಚಂದ್ರಗುಪ್ತ ಮೌರ್ಯನ ಮೊಮ್ಮಗ, ಬಿಂದುಸಾರನ ಮಗ. ಕ್ರಿ.ಪೂ. 268ರ ಸುಮಾರಿಗೆ ಪಟ್ಟಕ್ಕೆ ಬಂದ. ಎಂಟು ವರ್ಷಗಳಾದ ಮೇಲೆ, ಇಂದಿನ ಒಡಿಶಾ ಕಡೆಯ ಕಳಿಂಗದ ಮೇಲೆ ದಂಡೆತ್ತಿ ಹೋಗಿ ಗೆದ್ದ. ಒಂದು ಲಕ್ಷ ಮಂದಿ ಹತರಾದರು, ಒಂದೂವರೆ ಲಕ್ಷ ಮಂದಿಯನ್ನು ಸೆರೆಹಿಡಿದು ಸಾಗಿಸಲಾಯಿತು, ಅದರ ಎಷ್ಟೋ ಪಟ್ಟು ಜನ ಆಮೇಲೆ ಸತ್ತರು. ಈ ಲೆಕ್ಕವನ್ನು ಬರೆದವರು ಸೋತವರಲ್ಲ. ಗೆದ್ದ ಅರಸನೇ ತನ್ನ 13ನೆಯ ಬಂಡೆ ಶಾಸನದಲ್ಲಿ ಬರೆಸಿ, ತನಗಾದ ಪಶ್ಚಾತ್ತಾಪವನ್ನೂ ಸೇರಿಸಿದ.

ಅಲ್ಲಿಂದ ಅವನ ದಿನಚರಿ ಬದಲಾಯಿತು. ಬೇಟೆಯ ಪ್ರವಾಸ ಬಿಟ್ಟು ಧರ್ಮಯಾತ್ರೆಗೆ ಹೊರಟ. ಅರಮನೆಯ ಅಡುಗೆಮನೆಗೆ ದಿನವೂ ಸಾವಿರಾರು ಪ್ರಾಣಿಗಳು ಬಲಿಯಾಗುತ್ತಿದ್ದವು. ಅದು ಎರಡು ನವಿಲು, ಒಂದು ಜಿಂಕೆಗೆ ಇಳಿಯಿತು. ಮುಂದೆ ಅದನ್ನೂ ನಿಲ್ಲಿಸುವುದಾಗಿ ಅವನು ತಿಳಿಸಿದ. ದಾರಿಯಲ್ಲಿ ಬಾವಿ ತೋಡಿಸಿದ, ಮರ ನೆಡಿಸಿದ, ಮನುಷ್ಯರಿಗೂ ಪ್ರಾಣಿಗಳಿಗೂ ಔಷಧದ ವ್ಯವಸ್ಥೆ ಮಾಡಿಸಿದ.

ನಮ್ಮ ನಾಡಿನ ಬಂಡೆಗಳೂ ಅವನ ಕಥೆ ಹೇಳುತ್ತವೆ. ಅಶೋಕ ಎಂಬ ಹೆಸರನ್ನೇ ಹೇಳುವ ಮಸ್ಕಿಯ ಶಾಸನ 1915ರಲ್ಲಿ ಬೆಳಕಿಗೆ ಬಂತು. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯ ಶಾಸನ ತಂದೆತಾಯಿಯ ಮಾತು ಕೇಳಬೇಕು, ಸತ್ಯ ನುಡಿಯಬೇಕು, ಶಿಷ್ಯ ಗುರುವನ್ನು ಗೌರವಿಸಬೇಕು ಎಂದು ಬೋಧಿಸುತ್ತದೆ.

ನಾಲ್ಕನೆಯ ದಿನ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ನನ್ನನ್ನು ವರಾಂಡದಲ್ಲಿ ನಿಲ್ಲಿಸಿ, ಹಾಗಾದರೆ ಟೀಚರ್, ಅವನು ಕಳಿಂಗವನ್ನು ವಾಪಸ್ ಕೊಟ್ಟನಾ ಎಂದು ಕೇಳಿದಳು. ನನ್ನ ಪಾಠಯೋಜನೆಯಲ್ಲಿ ಆ ಪ್ರಶ್ನೆ ಇರಲಿಲ್ಲ. ನಾಳೆ ಹೇಳುತ್ತೇನೆ ಎಂದು ತಪ್ಪಿಸಿಕೊಂಡೆ.

ರಾತ್ರಿ ಓದಿದಾಗ ನಾನು ಕಟ್ಟಿದ ಅಶೋಕ ಸ್ವಲ್ಪ ಅಲುಗಾಡಿದ. ಅವನು ಕಳಿಂಗವನ್ನು ಬಿಟ್ಟುಕೊಡಲಿಲ್ಲ. ಪಶ್ಚಾತ್ತಾಪ ಹೇಳಿದ ಶಾಸನದಲ್ಲೇ, ಪಶ್ಚಾತ್ತಾಪಪಟ್ಟರೂ ತನಗೆ ಶಕ್ತಿಯಿದೆ ಎಂದು ಕಾಡಿನ ಜನರನ್ನು ಎಚ್ಚರಿಸಿದ. ಮರಣದಂಡನೆಯನ್ನು ರದ್ದು ಮಾಡಲಿಲ್ಲ. ಶಿಕ್ಷೆಯಾದವರಿಗೆ ಮೂರು ದಿನ ಅವಕಾಶ ಕೊಟ್ಟ. ಆ 13ನೆಯ ಶಾಸನವನ್ನು ಕಳಿಂಗದ ಧೌಳಿ, ಜೌಗಡಗಳಲ್ಲಿ ಕೆತ್ತಿಸಲೇ ಇಲ್ಲ. ಕಾರಣ ಅವನು ಹೇಳಿಲ್ಲ. ಅಲ್ಲಿ ಅದರ ಬದಲು ಅಧಿಕಾರಿಗಳಿಗೆ ಬರೆದ ಆಜ್ಞೆಗಳಿವೆ: ಎಲ್ಲ ಜನರೂ ತನ್ನ ಮಕ್ಕಳು, ಯಾರನ್ನೂ ಕಾರಣವಿಲ್ಲದೆ ಸೆರೆಯಲ್ಲಿಡಬಾರದು, ಹಿಂಸಿಸಬಾರದು. ತಿಷ್ಯ, ಅಂದರೆ ನಮ್ಮ ಪುಷ್ಯ ನಕ್ಷತ್ರದ ದಿನ ಇದನ್ನು ಓದಿ ಹೇಳಬೇಕು. ನಡುವೆ ಕೇಳುವವನು ಒಬ್ಬನೇ ಇದ್ದರೂ ಓದಬೇಕು. ಇದೇ ಆಜ್ಞೆಗಳ ಪ್ರತಿ ಕಲಬುರಗಿ ಜಿಲ್ಲೆಯ ಸನ್ನತಿಯಲ್ಲೂ ಸಿಕ್ಕಿದೆ, ದೇವಿಯ ವಿಗ್ರಹಕ್ಕೆ ಪೀಠವಾಗಿದ್ದ ಕಲ್ಲಿನ ಮೇಲೆ.

ಐದನೆಯ ದಿನ ಮಕ್ಕಳಿಗೆ ಇಷ್ಟನ್ನೂ ಹೇಳಿದೆ. ಅಶೋಕ ಚಿಕ್ಕವನಾಗಿ ಕಾಣಬಹುದೆಂಬ ಹೆದರಿಕೆ ನನಗಿತ್ತು. ಆದರೆ ಮಕ್ಕಳು ಮಧ್ಯಾಹ್ನದ ಊಟದ ಹೊತ್ತಿನವರೆಗೂ ಅದನ್ನೇ ಚರ್ಚಿಸಿದರು. ಗೆದ್ದ ಅರಸ ತಾನು ಕೊಂದವರನ್ನು ಎಣಿಸಿ ಕಲ್ಲಿನಲ್ಲಿ ಬರೆಸುವುದು ಸಣ್ಣ ಕೆಲಸವಲ್ಲ. ಅಷ್ಟರಿಂದ ಎಲ್ಲವೂ ಸರಿಹೋಗುವುದೂ ಇಲ್ಲ. ಶಾಂತಿಯ ಪಾಠದಲ್ಲಿ ಈ ಎರಡೂ ಇರಬೇಕು. ಕ್ರಿ.ಪೂ. 232ರ ಸುಮಾರಿಗೆ ಅಶೋಕ ತೀರಿಕೊಂಡ. ಹುಡುಗಿಯ ಪ್ರಶ್ನೆಯನ್ನು ನನ್ನ ಪಾಠಯೋಜನೆಯ ಮೌಲ್ಯಮಾಪನದ ಭಾಗದಲ್ಲಿ ಮೊದಲನೆಯದಾಗಿ ಬರೆದುಕೊಂಡಿದ್ದೇನೆ.