ಮೊಸರು ನಂಬಿದ ವಿಜ್ಞಾನಿ, ನಮ್ಮ ಕೈಯ ಇಸುಬು

ಆಟಿ ತಿಂಗಳ ಮಳೆ ಹಿಡಿಯಿತೆಂದರೆ ನಮ್ಮ ನೆಲ್ಯಾಡಿ ಕಡೆ ಪಾತ್ರೆ ತೊಳೆದೂ ತೊಳೆದೂ ಹೆಂಗಸರ ಬೆರಳ ಸಂದಿಯಲ್ಲಿ ಇಸುಬು ಶುರು. ತುರಿಕೆ, ಬಿರುಕು, ಉರಿ! ಪೇಟೆಯ ಅಡುಗೆಮನೆಯಲ್ಲೂ ಅದೇ ಕಥೆ. ಪ್ರೊಬಯಾಟಿಕ್ ಮಾತ್ರೆ ನುಂಗಿದರೆ ಸಾಕು, ಮುಲಾಮು ಬೇಡ ಎಂದು ಹೇಳುವವರೂ ಈಗ ಸಿಗುತ್ತಾರೆ. ಹಾಗೆ ಮುಲಾಮು ಬಿಡುವ ಮೊದಲು, ಈ ಮಾತ್ರೆಗಳಿಗೆಲ್ಲ ಮೂಲಪುರುಷನಂತಿರುವ ಇಲ್ಯಾ ಮೆಚ್ನಿಕಾಫ್ ಅವರ ಕಥೆ ಕೇಳಿ.

1845ರಲ್ಲಿ ಇಂದಿನ ಉಕ್ರೇನಿನ ಖಾರ್ಕಿವ್ ಹತ್ತಿರ ಹುಟ್ಟಿದವರು. ಮೊದಲ ಹೆಂಡತಿ ಲುಡ್ಮಿಲಾಗೆ ಕ್ಷಯ. ಮದುವೆಯ ದಿನ ಆಕೆಯನ್ನು ಕುರ್ಚಿಯಲ್ಲಿ ಕೂರಿಸಿ ಚರ್ಚಿಗೆ ಒಯ್ಯಬೇಕಾಯಿತಂತೆ. 1873ರಲ್ಲಿ ಆಕೆ ತೀರಿಕೊಂಡಾಗ ಮೆಚ್ನಿಕಾಫ್‌ಗೆ ಬದುಕೇ ಬೇಡವಾಗಿತ್ತು. ಮುಂದೆ ಕೈಹಿಡಿದ ಓಲ್ಗಾ ಕೊನೆಯವರೆಗೂ ಜತೆಗಿದ್ದರು. ಗಂಡನ ಜೀವನಚರಿತ್ರೆ ಬರೆದದ್ದೂ ಅವರೇ.

1882ರಲ್ಲಿ ಇಟಲಿಯ ಮೆಸ್ಸಿನಾದಲ್ಲಿ ನಕ್ಷತ್ರಮೀನಿನ ಪಾರದರ್ಶಕ ಮರಿಗಳಿಗೆ ಮೆಚ್ನಿಕಾಫ್ ಗುಲಾಬಿ ಮುಳ್ಳು ಚುಚ್ಚಿ ಇಟ್ಟರು. ಮರುದಿನ ನೋಡಿದರೆ ಮುಳ್ಳಿನ ಸುತ್ತ ಕಣಗಳ ದಂಡು! ಬೆರಳಿಗೆ ಮುಳ್ಳು ಹೊಕ್ಕಾಗ ಕೀವು ಕಟ್ಟುತ್ತದಲ್ಲ, ಆಗ ನಮ್ಮ ಮೈಯಲ್ಲಿ ನಡೆಯುವುದೂ ಅಂಥದ್ದೇ ಹೋರಾಟ. ಈ ಕೆಲಸಕ್ಕೆ 1908ರಲ್ಲಿ ಪಾಲ್ ಎಹ್ರ್ಲಿಕ್ ಜತೆ ನೊಬೆಲ್ ಬಂತು.

ಅಷ್ಟರಲ್ಲಿ ಅವರು ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿ ಮೊಸರಿನ ಬೆನ್ನು ಹತ್ತಿದ್ದರು. ಬಲ್ಗೇರಿಯದ ಹಳ್ಳಿಗರು ಹೆಚ್ಚು ಕಾಲ ಬಾಳುವುದಕ್ಕೆ ಹುಳಿಹಾಲೇ ಕಾರಣವೆಂದು ಅವರ ಊಹೆ. ಕಾಯಿಸಿದ ಹಾಲಿಗೆ ಶುದ್ಧ ಬ್ಯಾಕ್ಟೀರಿಯಾದ ಹೆಪ್ಪು ಹಾಕಿ ದಿನವೂ ಕುಡಿದರು. ಊರೆಲ್ಲ ಮೊಸರಿನ ಹುಚ್ಚು, ಅಂಗಡಿಗಳಲ್ಲಿ ಮಾತ್ರೆ ಬೇರೆ! 1916ರಲ್ಲಿ, 71ರ ವಯಸ್ಸಿನಲ್ಲಿ, ಹೃದಯದ ಕಾಯಿಲೆಯಿಂದ ತೀರಿಕೊಂಡರು. ಆ ಬ್ಯಾಕ್ಟೀರಿಯಾ ಕರುಳಲ್ಲಿ ನೆಲೆಯೂರುವುದಿಲ್ಲವೆಂದು ಆಮೇಲೆ ತಿಳಿಯಿತು. ಕರುಳಿನ ಜೀವಿಗಳಿಗೂ ಆರೋಗ್ಯಕ್ಕೂ ನಂಟಿದೆಯೆಂಬ ಅವರ ಮಾತು ಮಾತ್ರ ಸುಳ್ಳಾಗಲಿಲ್ಲ.

ಇಸುಬಿನ ವಿಷಯಕ್ಕೆ ಬಂದರೆ, ನೂರು ವರ್ಷದ ಮೇಲೂ ಆಸೆ ದೊಡ್ಡದು, ಪುರಾವೆ ಸಣ್ಣದು. 2018ರ ಕಾಕ್ರೇನ್ ವಿಮರ್ಶೆ 39 ಪ್ರಯೋಗಗಳನ್ನು, 2,599 ಮಂದಿಯ ಫಲಿತಾಂಶವನ್ನು ಒಟ್ಟಿಗೆ ತೂಗಿತು. ಪ್ರೊಬಯಾಟಿಕ್‌ನಿಂದ ತುರಿಕೆ, ನಿದ್ದೆಗೇಡು ಕಡಿಮೆಯಾಗುವುದು ಬಹುಶಃ ಅಲ್ಪವೇ, ಇಲ್ಲವೇ ಇಲ್ಲವೆನ್ನಿ. ಹೆಚ್ಚಿನ ಪ್ರಯೋಗಗಳು ಮಕ್ಕಳ ಮೇಲೆ ನಡೆದವು. ದೊಡ್ಡವರಲ್ಲಿ ಗುಣ ಕಂಡ ಕೆಲವು ಅಧ್ಯಯನಗಳೂ ಇವೆ, ಆದರೆ ಅವು ಸಣ್ಣವು. ಅದೂ ಅಟೋಪಿಕ್ ಇಸುಬಿಗೆ. ಸೋಪಿನಿಂದ ಬರುವ ಕೈಯ ಇಸುಬಿನ ಲೆಕ್ಕವೇ ಬೇರೆ.

ಹಾಗೆಂದು ಮೊಸರು ಬಿಡಬೇಡಿ, ಊಟಕ್ಕೆ ಒಳ್ಳೆಯದೇ. ಮಜ್ಜಿಗೆಹುಳಿ ಕುದಿಸಿದರೆ ಬ್ಯಾಕ್ಟೀರಿಯಾ ಉಳಿಯುವುದಿಲ್ಲ, ತಂಬುಳಿಯಾದರೆ ಸರಿ. ಮಾತ್ರೆ ತೆಗೆದುಕೊಳ್ಳಲೇಬೇಕೆಂದಿದ್ದರೆ ಚರ್ಮದ ಡಾಕ್ಟರನ್ನು ಕೇಳಿ, ಅವರು ಕೊಟ್ಟ ಮುಲಾಮಿನ ಜತೆಗೇ ತೆಗೆದುಕೊಳ್ಳಿ. ಕ್ಯಾನ್ಸರ್ ಚಿಕಿತ್ಸೆ ಪಡೆಯುತ್ತಿರುವವರು, ರೋಗನಿರೋಧಕ ಶಕ್ತಿ ಕುಂದಿದವರು ಕೇಳದೆ ಮುಟ್ಟಲೇಬೇಡಿ. ಪಾತ್ರೆ ತೊಳೆಯುವಾಗ ಒಳಗೆ ಹತ್ತಿಯ ಕೈಚೀಲ, ಮೇಲೆ ರಬ್ಬರಿನದು ಹಾಕಿ. ಬಿಸಿ ಬಿಸಿ ನೀರು ಬೇಡ, ಉಗುರು ಬೆಚ್ಚಗಿದ್ದರೆ ಸಾಕು. ಕೈ ಒರೆಸಿದ ಕೂಡಲೇ, ಚರ್ಮದಲ್ಲಿ ಇನ್ನೂ ತೇವವಿರುವಾಗಲೇ ವಾಸನೆಯಿಲ್ಲದ ಕ್ರೀಮು ಸವರಿಕೊಳ್ಳಿ. ಸಿಂಕಿನ ಪಕ್ಕದಲ್ಲೇ ಅದರದ್ದೊಂದು ಡಬ್ಬಿ ಇಟ್ಟುಕೊಂಡರೆ ಮರೆಯುವುದಿಲ್ಲ.