ರಕ್ತದ ಕ್ಯಾನ್ಸರ್‌ಗೆ ಮದ್ದು ಕೊಟ್ಟ ಸುಬ್ಬರಾವ್

ಮಕ್ಕಳೇ, ಶಾಲೆಯಲ್ಲಿ ಕೊಡುವ ಕಬ್ಬಿಣಾಂಶದ ಮಾತ್ರೆಯನ್ನು ನೀವು ನುಂಗಿದ್ದೀರಲ್ಲವೇ? ಅದರಲ್ಲಿ ಫೋಲಿಕ್ ಆಮ್ಲವೂ ಇರುತ್ತದೆ. ಇದನ್ನು ಮೊದಲು ಪ್ರಯೋಗಾಲಯದಲ್ಲಿ ತಯಾರಿಸಿದ ತಂಡದ ನಾಯಕರು ಒಬ್ಬ ಭಾರತೀಯರು. ರಕ್ತದ ಕ್ಯಾನ್ಸರ್ ಬಂದ ಮಕ್ಕಳೂ ಬದುಕಿ ಬಾಳಬಲ್ಲರು ಎಂಬ ಭರವಸೆಗೂ ಅವರ ಕೆಲಸವೇ ಬುನಾದಿ. ಅವರೇ ಡಾ. ಯಲ್ಲಾಪ್ರಗಡ ಸುಬ್ಬರಾವ್.

ಅವರು 1895ರ ಜನವರಿ 12ರಂದು ಇಂದಿನ ಆಂಧ್ರಪ್ರದೇಶದ ಭೀಮವರಂನಲ್ಲಿ ಜನಿಸಿದರು. ಮೆಟ್ರಿಕ್ ಪರೀಕ್ಷೆಯಲ್ಲಿ ಎರಡು ಬಾರಿ ಅನುತ್ತೀರ್ಣರಾಗಿ, ಮೂರನೆಯ ಬಾರಿ ತೇರ್ಗಡೆಯಾದರು. ಮದ್ರಾಸಿನಲ್ಲಿ ವೈದ್ಯಕೀಯ ಓದುವಾಗ ಖಾದಿ ತೊಟ್ಟು ಶಸ್ತ್ರಚಿಕಿತ್ಸೆಯ ತರಗತಿಗೆ ಹೋಗಿದ್ದರಿಂದ ಆಂಗ್ಲ ಪ್ರಾಧ್ಯಾಪಕರ ಕೋಪಕ್ಕೆ ಗುರಿಯಾದರು. ಅವರಿಗೆ ಎಂ.ಬಿ.ಬಿ.ಎಸ್. ಬದಲು ಅದಕ್ಕಿಂತ ಕೆಳಗಿನ ಪದವಿ ದೊರೆಯಿತು. ಅವರ ಇಬ್ಬರು ಸಹೋದರರು ಸ್ಪ್ರೂ ಎಂಬ ಕರುಳಿನ ರೋಗದಿಂದ ಕೆಲವೇ ದಿನಗಳ ಅಂತರದಲ್ಲಿ ತೀರಿಕೊಂಡಿದ್ದರು. ರೋಗಗಳಿಗೆ ಮದ್ದು ಹುಡುಕಬೇಕೆಂಬ ಹಂಬಲ ಅವರಲ್ಲಿ ಬೇರೂರಿತು.

1920ರ ದಶಕದ ಆರಂಭದಲ್ಲಿ ಅವರು ಅಮೆರಿಕದ ಬೋಸ್ಟನ್ ನಗರಕ್ಕೆ ಹೋದರು. ಹೊಟ್ಟೆಪಾಡಿಗಾಗಿ ರಾತ್ರಿ ಆಸ್ಪತ್ರೆಯಲ್ಲಿ ರೋಗಿಗಳ ಮಲಮೂತ್ರದ ಪಾತ್ರೆ ತೊಳೆದರು. ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಓದಿ, ಸಂಶೋಧನೆ ಮಾಡಿ, 1940ರಲ್ಲಿ ಲೆಡರ್ಲಿ ಪ್ರಯೋಗಾಲಯ ಸೇರಿದರು. 1945ರಲ್ಲಿ ಅವರ ತಂಡ ಫೋಲಿಕ್ ಆಮ್ಲ ತಯಾರಿಸಿದ ವಿಷಯವನ್ನು ಪ್ರಕಟಿಸಿತು. ಸಹೋದರರನ್ನು ಬಲಿ ತೆಗೆದುಕೊಂಡ ಸ್ಪ್ರೂ ರೋಗಕ್ಕೂ ಅದೇ ಮದ್ದಾಯಿತು!

ನಮ್ಮ ರಕ್ತಕಣಗಳು ಮೂಳೆಯೊಳಗಿನ ಮಜ್ಜೆಯಲ್ಲಿ ಹುಟ್ಟುತ್ತವೆ. ಲ್ಯುಕೇಮಿಯಾ ಎಂಬ ರಕ್ತದ ಕ್ಯಾನ್ಸರ್‌ನಲ್ಲಿ ಸರಿಯಾಗಿ ಬೆಳೆಯದ ಬಿಳಿ ರಕ್ತಕಣಗಳು ಮಿತಿಮೀರಿ ಹೆಚ್ಚುತ್ತವೆ. ಜೀವಕೋಶ ಒಂದು ಎರಡಾಗಲು ಫೋಲಿಕ್ ಆಮ್ಲ ಬೇಕು. ಅದನ್ನೇ ಹೋಲುವ, ಆದರೆ ಅದರ ಕೆಲಸ ಮಾಡದ ವಸ್ತುವನ್ನು ಕೊಟ್ಟರೆ? ಬೀಗದಲ್ಲಿ ತಪ್ಪು ಕೀಲಿ ಸಿಕ್ಕಿಕೊಂಡರೆ ಸರಿಯಾದ ಕೀಲಿ ಒಳಗೆ ಹೋಗದಲ್ಲವೇ? ಹಾಗೆಯೇ ಕ್ಯಾನ್ಸರ್ ಕೋಶಗಳ ಬೆಳವಣಿಗೆ ನಿಲ್ಲುತ್ತದೆ. ಸುಬ್ಬರಾವ್ ಅವರ ತಂಡ ಅಮಿನೊಪ್ಟೆರಿನ್ ಎಂಬ ಅಂಥ ಔಷಧವನ್ನು ಬೋಸ್ಟನ್ನಿನ ವೈದ್ಯ ಸಿಡ್ನಿ ಫಾರ್ಬರ್ ಅವರಿಗೆ ಒದಗಿಸಿತು. ಫಾರ್ಬರ್ ಅದನ್ನು 16 ಮಕ್ಕಳಿಗೆ ಕೊಟ್ಟರು. 10 ಮಕ್ಕಳು ಚೇತರಿಸಿಕೊಂಡರು. 1948ರ ಜೂನ್‌ನಲ್ಲಿ ಈ ವರದಿ ಪ್ರಕಟವಾಯಿತು.

ಆದರೆ ಆ ಚೇತರಿಕೆ ಕೆಲವು ತಿಂಗಳು ಮಾತ್ರ ಉಳಿಯಿತು. ರೋಗ ಮರಳಿ ಬಂದಿತು. ಆದರೂ ಈ ರೋಗವನ್ನು ಹಿಮ್ಮೆಟ್ಟಿಸಬಹುದು ಎಂಬುದು ಮೊದಲ ಬಾರಿಗೆ ತಿಳಿಯಿತು. ಅದೇ ವರ್ಷ ಆಗಸ್ಟ್‌ನಲ್ಲಿ, 53ನೆಯ ವಯಸ್ಸಿನಲ್ಲಿ ಸುಬ್ಬರಾವ್ ನಿದ್ರೆಯಲ್ಲೇ ತೀರಿಕೊಂಡರು. ಪೂರ್ಣ ಗುಣವಾದ ಒಂದು ಮಗುವನ್ನೂ ನೋಡುವ ಭಾಗ್ಯ ಅವರಿಗಿರಲಿಲ್ಲ.

ಮುಂದೆ ಹಲವು ಔಷಧಗಳನ್ನು ಒಟ್ಟಿಗೆ ಕೊಡುವ ಕ್ರಮ ಬಂದಿತು. ಔಷಧಕ್ಕೆ ಬಗ್ಗದ ರೋಗಕ್ಕೆ ಬೇರೊಬ್ಬರ ಮಜ್ಜೆಯನ್ನು ಕಸಿ ಮಾಡುವ ವಿಧಾನ ಬಂದಿತು. ಅದಕ್ಕಾಗಿ ಡೊನಾಲ್ ಥಾಮಸ್ ಅವರಿಗೆ 1990ರಲ್ಲಿ ನೊಬೆಲ್ ಪ್ರಶಸ್ತಿ ದೊರೆಯಿತು. ಸುಬ್ಬರಾವ್ ತಂಡದ ಇನ್ನೊಂದು ಔಷಧವಾದ ಮೆಥೊಟ್ರೆಕ್ಸೇಟ್ ಈ ಎರಡೂ ಚಿಕಿತ್ಸೆಗಳಲ್ಲಿ ಇಂದಿಗೂ ಬಳಕೆಯಲ್ಲಿದೆ. ಒಳ್ಳೆಯ ಚಿಕಿತ್ಸೆ ಸಿಗುವ ದೇಶಗಳಲ್ಲಿ, ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ಬಗೆಯ ಲ್ಯುಕೇಮಿಯಾ ಬಂದ 100 ಮಕ್ಕಳಲ್ಲಿ ಸುಮಾರು 90 ಮಕ್ಕಳು ಬದುಕುಳಿಯುತ್ತಾರೆ. ಹಾಗೆ ಗುಣವಾದವರು ದೊಡ್ಡವರಾಗಿ, ದುಡಿದು, ತಮ್ಮ ಮಕ್ಕಳನ್ನೂ ಬೆಳೆಸುತ್ತಿದ್ದಾರೆ.

ಚಿಕಿತ್ಸೆಯಿಂದ ಕೂದಲು ಉದುರಿದ ಗೆಳೆಯನೋ ಗೆಳತಿಯೋ ನಿಮ್ಮ ತರಗತಿಗೆ ಮರಳಿ ಬಂದರೆ ಹೆದರಬೇಡಿ. ಈ ರೋಗ ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ನಿಮಗೆ ನೆಗಡಿ, ಜ್ವರವಿದ್ದಾಗ ಮಾತ್ರ ಅವರಿಂದ ದೂರವಿರಿ. ಉಳಿದ ದಿನ ಪಕ್ಕದಲ್ಲೇ ಕುಳಿತು, ತಪ್ಪಿಹೋದ ಪಾಠ ಹೇಳಿಕೊಡಿ.