ಹವೆಯನ್ನು ಅರಿತ ವಾಸ್ತುಶಿಲ್ಪಿ: ಒಟ್ಟೊ ಕೋನಿಗ್ಸ್‌ಬರ್ಗರ್

ಬಿಸಿಲು, ಗಾಳಿ, ಮಳೆ, ನೆಲದಲ್ಲಿ ದೊರೆಯುವ ಸಾಮಗ್ರಿ, ಅಲ್ಲಿ ಬಾಳುವ ಜನ, ಇವೆಲ್ಲವನ್ನೂ ಒಟ್ಟಾಗಿ ಎಣಿಸಿ ಮನೆಯನ್ನು ಕಟ್ಟಬೇಕೆಂಬ ವಿಚಾರ ಇಂದು ಎಲ್ಲೆಡೆ ಕೇಳಿಬರುತ್ತಿದೆ. ಅದನ್ನು ಶಾಸ್ತ್ರವಾಗಿ ಬೆಳೆಸಿದ ಪ್ರಮುಖರಲ್ಲೊಬ್ಬರು ತಮ್ಮ ವೃತ್ತಿಯ ಒಂಬತ್ತು ವರ್ಷಗಳನ್ನು ಮೈಸೂರು ಸಂಸ್ಥಾನದ ಸೇವೆಯಲ್ಲಿ ಕಳೆದವರು.

ಒಟ್ಟೊ ಕೋನಿಗ್ಸ್‌ಬರ್ಗರ್ 1908ರಲ್ಲಿ ಬರ್ಲಿನ್ನಿನ ಯಹೂದಿ ಮೂಲದ ಮನೆತನವೊಂದರಲ್ಲಿ ಜನಿಸಿದರು. ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್ ಅವರಿಗೆ ಸೋದರಮಾವ. ಬರ್ಲಿನ್ನಿನ ತಾಂತ್ರಿಕ ವಿದ್ಯಾಲಯದಲ್ಲಿ ವಾಸ್ತುಶಿಲ್ಪವನ್ನು ಕಲಿತ ಅವರಿಗೆ 1933ರಲ್ಲಿ ಪ್ರತಿಷ್ಠಿತ ಷಿಂಕೆಲ್ ಪಾರಿತೋಷಕ ದೊರೆಯಿತು. ಅದೇ ವರ್ಷ ನಾಜಿಗಳ ಆಳ್ವಿಕೆ ಆರಂಭವಾಗಿ, ಮನ್ನಣೆ ನೀಡಿದ ನಾಡೇ ಅವರಿಗೆ ನೆಲೆಯಿಲ್ಲದಂತೆ ಮಾಡಿತು. ಈಜಿಪ್ಟಿಗೆ ತೆರಳಿ ಪ್ರಾಚೀನ ಕಟ್ಟಡಗಳ ಸಂಶೋಧನೆಯಲ್ಲಿ ಕೆಲವು ವರ್ಷ ತೊಡಗಿದರು.

1939ರಲ್ಲಿ, ದಿವಾನ್ ಸರ್ ಮಿರ್ಜಾ ಇಸ್ಮಾಯಿಲ್ಲರ ಕಾಲದಲ್ಲಿ, ಅವರು ಮೈಸೂರು ಸಂಸ್ಥಾನದ ವಾಸ್ತುಶಿಲ್ಪಿಯಾಗಿ ಬೆಂಗಳೂರಿಗೆ ಬಂದರು. ಯುದ್ಧದ ದೆಸೆಯಿಂದ ಉಕ್ಕು, ಸಿಮೆಂಟು ದುರ್ಲಭವಾಗಿದ್ದ ದಿನಗಳವು. ಯೂರೋಪಿನ ನವ್ಯ ಶೈಲಿಯನ್ನು ಇಲ್ಲಿ ಹಾಗೆಯೇ ನೆಡಲಾಗದೆಂಬುದು ಅವರಿಗೆ ಬೇಗನೆ ತಿಳಿಯಿತು. ಟಾಟಾ ಇನ್‌ಸ್ಟಿಟ್ಯೂಟಿನ ವಿಮಾನಶಾಸ್ತ್ರ, ಲೋಹಶಾಸ್ತ್ರ ವಿಭಾಗಗಳಿಗೆ ಅವರು ರಚಿಸಿದ ಕಟ್ಟಡಗಳಲ್ಲಿ ಅಲಂಕಾರಕ್ಕಿಂತ ನೆರಳಿಗೆ, ಗಾಳಿಯ ಸಂಚಾರಕ್ಕೆ ಹೆಚ್ಚಿನ ಗಮನವಿದೆ. ಜಮ್‌ಶೆಡ್‌ಪುರ, ಭುವನೇಶ್ವರ ನಗರಗಳ ಯೋಜನೆಗಳನ್ನೂ ಅವರು ಸಿದ್ಧಪಡಿಸಿದರು.

1948ರಲ್ಲಿ ಭಾರತ ಸರ್ಕಾರ ಅವರನ್ನು ವಸತಿ ನಿರ್ದೇಶಕರನ್ನಾಗಿ ನೇಮಿಸಿತು. ದೇಶವಿಭಜನೆಯಿಂದ ಮನೆಮಠ ಕಳೆದುಕೊಂಡ ಲಕ್ಷಾಂತರ ಜನರಿಗೆ ಸೂರು ಬೇಕಾಗಿತ್ತು. ಕಾರ್ಖಾನೆಯಲ್ಲಿ ಗೋಡೆಯ ಹಲಗೆಗಳನ್ನು ಎರಕಹೊಯ್ದು ಶೀಘ್ರವಾಗಿ ಮನೆಗಳನ್ನು ಜೋಡಿಸುವ ಯೋಜನೆಯೊಂದು ದೆಹಲಿಯಲ್ಲಿ ಆರಂಭವಾಯಿತು. ಆದರೆ ಹಲಗೆಗಳು ಬಿರುಕುಬಿಟ್ಟವು. ಯೋಜನೆ ನೆಲಕಚ್ಚಿ ಬಹಿರಂಗ ಟೀಕೆಗೆ ಗುರಿಯಾಯಿತು. ಮನೆಗಾಗಿ ಕಾದವರು ಕಾಯುತ್ತಲೇ ಉಳಿದರು. 1951ರಲ್ಲಿ ಕೋನಿಗ್ಸ್‌ಬರ್ಗರ್ ಭಾರತವನ್ನು ಬಿಟ್ಟರು. ತಾವೇ ಒಮ್ಮೆ ನಿರಾಶ್ರಿತರಾಗಿದ್ದವರಿಗೆ ಈ ಸೋಲು ಸಣ್ಣದಾಗಿರಲಾರದು.

ಮುಂದಿನ ಬದುಕು ಲಂಡನ್ನಿನಲ್ಲಿ ಸಾಗಿತು. ಅಲ್ಲಿನ ಆರ್ಕಿಟೆಕ್ಚರಲ್ ಅಸೋಸಿಯೇಷನ್ನಿನಲ್ಲಿ ಉಷ್ಣವಲಯದ ವಾಸ್ತುಶಿಲ್ಪವನ್ನು ಬೋಧಿಸುವ ವಿಭಾಗ 1954ರಲ್ಲಿ ಸ್ಥಾಪನೆಯಾಯಿತು; 1957ರಲ್ಲಿ ಅದರ ನೇತೃತ್ವ ಅವರಿಗೆ ಬಂದಿತು. ಏಷ್ಯಾ ಆಫ್ರಿಕಗಳ ವಿದ್ಯಾರ್ಥಿಗಳು ಅಲ್ಲಿ ಕಲಿತು ತಮ್ಮ ನಾಡುಗಳಿಗೆ ಮರಳಿದರು. 1974ರಲ್ಲಿ ಅವರು ಸಹೋದ್ಯೋಗಿಗಳೊಡನೆ ರಚಿಸಿದ, ಉಷ್ಣವಲಯದ ಮನೆ ಕಟ್ಟಡಗಳನ್ನು ಕುರಿತ ಗ್ರಂಥ ಇಂದಿಗೂ ವಾಸ್ತುಶಿಲ್ಪದ ವಿದ್ಯಾರ್ಥಿಗಳಿಗೆ ಪಠ್ಯವಾಗಿದೆ. 1999ರಲ್ಲಿ ಅವರು ನಿಧನ ಹೊಂದಿದರು.

ಅವರ ವಿಭಾಗದಲ್ಲಿ ರೂಪುಗೊಂಡ ಮಹೋನಿ ಕೋಷ್ಟಕಗಳ ರೀತಿ ಸರಳವಾದುದು. ಊರಿನ ಉಷ್ಣತೆ, ತೇವ, ಮಳೆ, ಗಾಳಿಗಳನ್ನು ತಿಂಗಳುವಾರು ಬರೆದರೆ ಮನೆಯ ಮುಖ, ಕಿಟಕಿ, ಗೋಡೆ, ಮಾಡು ಹೇಗಿರಬೇಕೆಂಬ ಸೂಚನೆ ದೊರೆಯುತ್ತದೆ. ಬೆಳ್ತಂಗಡಿ ತಾಲೂಕಿನ ಮಡಂತ್ಯಾರಿನಂಥ ಮಳೆನಾಡನ್ನು ಈ ಲೆಕ್ಕಕ್ಕೆ ಒಡ್ಡಿದರೆ, ಗಾಳಿಯಾಡುವ ಕೋಣೆ ಬೇಕು, ಜಡಿಮಳೆಯಿಂದ ಗೋಡೆಯನ್ನು ಕಾಯಬೇಕು ಎಂಬ ಉತ್ತರವೇ ಬರುತ್ತದೆ. ಅಲ್ಲಿನ ಹಳೆಯ ಹೆಂಚಿನ ಮನೆಗಳ ಇಳಿಮಾಡು, ಚಾಚಿದ ಸೂರು, ತೆರೆದ ಜಗಲಿಗಳು ಅದನ್ನೇ ಹೇಳುತ್ತವೆ. ಹಿರಿಯರು ಅನುಭವದಿಂದ ಕಂಡುಕೊಂಡುದಕ್ಕೆ ಕೋನಿಗ್ಸ್‌ಬರ್ಗರ್ ಶಾಸ್ತ್ರದ ಆಧಾರವನ್ನು ಒದಗಿಸಿದರು. ಆ ಮಾಡುಗಳನ್ನು ಇಳಿಸಿ ಬಯಲಿಗೊಡ್ಡಿದ ಕಾಂಕ್ರೀಟು ತಾರಸಿಗಳನ್ನು ಹಾಕುತ್ತಿರುವ ನಾವು, ಅವರ ಲೆಕ್ಕವನ್ನು ಒಮ್ಮೆಯಾದರೂ ಮಾಡಿನೋಡುವುದು ಒಳ್ಳೆಯದು.